ಅಂಕೆಯಿಲ್ಲದ ವೇಗ, ಅಂಕೆಯುಳ್ಳ ದೇಹ

ಕುವೈತಿನಲ್ಲಿ ಗುರುವಾರ ರಾತ್ರಿಯೆಂದರೆ ವಾರಾಂತ್ಯದ ಆರಂಭ. ಶುಕ್ರವಾರ, ಶನಿವಾರ ರಜೆ. ಆ ರಾತ್ರಿ ಹನ್ನೊಂದು ದಾಟಿದ ಮೇಲೆ ಸಾಲ್ಮಿಯಾದ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ, ಕಡಲ ದಂಡೆಯ ಗಲ್ಫ್ ರಸ್ತೆಯ ಕಡೆಯಿಂದ ಎಂಜಿನ್‌ಗಳ ಆರ್ಭಟ ಕೇಳಿಸತೊಡಗುತ್ತದೆ. ಮೊದಲು ಒಂದು ಗುಡುಗು, ಹಿಂದೆಯೇ ಇನ್ನೊಂದು, ಆಮೇಲೆ ಟೈರು ರಸ್ತೆಗೆ ಉಜ್ಜಿದ ಚೀತ್ಕಾರ. ಇಲ್ಲಿನ ಜನ ಇಂತಹ ಅಡ್ಡಾದಿಡ್ಡಿ ಚಾಲನೆಗೆ ‘ಇಸ್ತಿಹ್ತಾರ್’ ಎನ್ನುತ್ತಾರೆ. ಹುಂಬತನ ಎಂಬ ನಮ್ಮ ಮಾತು ಅದಕ್ಕೆ ಬಹಳ ಹತ್ತಿರದ್ದು. ಆ ಸದ್ದು ಹಠಾತ್ತನೆ ನಿಂತರೆ ನನ್ನ ಕಿವಿ ನೆಟ್ಟಗಾಗುತ್ತದೆ. ಮುಂದೆ ಕೇಳಿಸುವುದು ಆಂಬುಲೆನ್ಸಿನ ಸೈರನ್ ಆಗದಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತದೆ. ವೈದ್ಯರಿಗೆ ಅಂಟಿಕೊಳ್ಳುವ ಚಟ ಇದು.

ಕಳೆದ ಚಳಿಗಾಲದಲ್ಲಿ ಪುತ್ತೂರು ಮೂಲದ ಗೆಳೆಯರೊಬ್ಬರು ಮಗನೊಡನೆ ಊಟಕ್ಕೆ ಬಂದಿದ್ದರು. ಹುಡುಗ ಹುಟ್ಟಿ ಬೆಳೆದದ್ದು ಕುವೈತಿನಲ್ಲಿ. ಈಗ ಕರ್ನಾಟಕದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದಾಗಲೆಲ್ಲ ಸ್ನೇಹಿತರ ಕಾರಿನಲ್ಲಿ ರಾತ್ರಿ ಸುತ್ತಾಟ. ತಂದೆ ನನ್ನನ್ನು ಅಡುಗೆಮನೆಯ ಬಾಗಿಲ ಬಳಿ ಕರೆದು, “ಡಾಕ್ಟ್ರೇ, ನೀವೊಂದು ಮಾತು ಹೇಳಿ. ನಾನು ಹೇಳಿದರೆ ಅವನು ಕೇಳುವುದಿಲ್ಲ” ಎಂದು ಮೆಲ್ಲನೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ನನಗೊಂದು ಪ್ರಶ್ನೆ ಎಸೆದ: “ಅಂಕಲ್, ರೇಸಿಂಗಿನಲ್ಲಿ ಎಂಜಿನ್ ಇಷ್ಟೇ ಇರಬೇಕು, ರೆಕ್ಕೆ ಇಷ್ಟೇ ಅಗಲ ಇರಬೇಕು ಎಂದು ನೂರೆಂಟು ನಿಯಮ. ಈಗ ಸುರಕ್ಷತೆ ಅಷ್ಟೊಂದು ಮುಂದುವರಿದಿದೆಯಲ್ಲ, ಆ ನಿಯಮಗಳನ್ನೆಲ್ಲ ಕಿತ್ತುಹಾಕಿ ಸ್ಪೋರ್ಟ್ಸ್ ಕಾರುಗಳನ್ನು ಓಡಲು ಬಿಟ್ಟರೆ ಏನಾಗುತ್ತದೆ? ಚಾಲಕ ಬದುಕುವುದಿಲ್ಲವೇ?”

ಉಪದೇಶಕ್ಕೆ ಸಿದ್ಧನಾಗಿದ್ದ ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಪ್ರಶ್ನೆ ಹುಡುಗಾಟದ್ದಲ್ಲ ಎಂಬುದು ಮಾತ್ರ ಗೊತ್ತಾಯಿತು. ಕೆಲವು ವಾರ ಓದಿ, ಯೋಚಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಮ್ಮೆ ನಡೆದಿತ್ತು

ನಿಯಮವಿಲ್ಲದ ಸ್ಪೋರ್ಟ್ಸ್ ಕಾರು ಪಂದ್ಯ ಕೇವಲ ಕಲ್ಪನೆಯಲ್ಲ. 1966ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ‘ಕ್ಯಾನ್-ಆಮ್’ ಎಂಬ ಸರಣಿ ಆರಂಭವಾಯಿತು. ಎರಡು ಆಸನದ ಜಾಗವಿರಬೇಕು, ಚಕ್ರಗಳನ್ನು ದೇಹಕವಚ ಮುಚ್ಚಿರಬೇಕು, ಒಂದಿಷ್ಟು ಮೂಲಭೂತ ಸುರಕ್ಷತೆ ಇರಬೇಕು. ಉಳಿದಂತೆ ಎಂಜಿನ್ ಎಷ್ಟು ದೊಡ್ಡದಾದರೂ, ಎಷ್ಟು ಅಶ್ವಶಕ್ತಿ ಕೊಟ್ಟರೂ ಕೇಳುವವರಿರಲಿಲ್ಲ. ಎಂಜಿನಿಯರುಗಳಿಗೆ ಅದು ಸ್ವರ್ಗ. ಚಾಪರಲ್ ಎಂಬ ಟೆಕ್ಸಾಸಿನ ತಂಡ ಆಳೆತ್ತರದ ರೆಕ್ಕೆ ಕಟ್ಟಿತು. 1970ರಲ್ಲಿ ಅದೇ ತಂಡ ಕಾರಿನ ಹಿಂಭಾಗದಲ್ಲಿ ಎರಡು ಫ್ಯಾನ್ ಕೂರಿಸಿ, ಅಡಿಯ ಗಾಳಿಯನ್ನೆಲ್ಲ ಹೀರಿ, ಕಾರು ಹಲ್ಲಿಯಂತೆ ನೆಲಕ್ಕೆ ಅಂಟಿಕೊಳ್ಳುವಂತೆ ಮಾಡಿತು. ಆ ಫ್ಯಾನ್‌ಗಳನ್ನು ತಿರುಗಿಸಲು ಹಿಮವಾಹನದ ಪ್ರತ್ಯೇಕ ಎಂಜಿನ್! ಎದುರಾಳಿಗಳು ದೂರಿದರು, ಆ ಕಾರಿಗೆ ನಿಷೇಧ ಬಂತು. ನಿಯಮವಿಲ್ಲದ ಪಂದ್ಯದಲ್ಲಿಯೂ ಐದನೇ ವರ್ಷಕ್ಕೇ ನಿಯಮ ಹುಟ್ಟಿತು.

1967ರಿಂದ 1971ರವರೆಗೆ ಸತತ ಐದು ವರ್ಷ ಗೆದ್ದದ್ದು ಮೆಕ್‌ಲಾರೆನ್ ತಂಡ. ಅದನ್ನು ಕಟ್ಟಿದ ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ 1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತಮ್ಮದೇ ಕ್ಯಾನ್-ಆಮ್ ಕಾರನ್ನು ಪರೀಕ್ಷಿಸುವಾಗ ತೀರಿಕೊಂಡರು. ಹಿಂಭಾಗದ ದೇಹಕವಚ ಕಳಚಿಕೊಂಡಿತು, ಕಾರನ್ನು ನೆಲಕ್ಕೆ ಒತ್ತಿ ಹಿಡಿದಿದ್ದ ಗಾಳಿಯ ಹಿಡಿತ ಕ್ಷಣದಲ್ಲಿ ತಪ್ಪಿತು. ಅವರಿಗೆ ಆಗ 32 ವರ್ಷ. ಆಮೇಲೆ ಪೋರ್ಷೆ ಬಂತು. 1973ರಲ್ಲಿ ಮಾರ್ಕ್ ಡೊನಹ್ಯೂ ಓಡಿಸಿದ 917/30 ಕಾರಿನ 5.4 ಲೀಟರಿನ ಟರ್ಬೊ ಎಂಜಿನ್ 1,100ಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು. ಆ ವರ್ಷದ ಎಂಟು ಪಂದ್ಯಗಳಲ್ಲಿ ಆರು ಅವರ ಪಾಲಾದವು. ಅಷ್ಟು ಹಣ ಸುರಿಯಲು ಬೇರೆಯವರಿಗೆ ಸಾಧ್ಯವಿರಲಿಲ್ಲ, ಸ್ಪರ್ಧೆ ಏಕಪಕ್ಷೀಯವಾಯಿತು.

ಮುಂದಿನದು ಕುವೈತಿನ ಕಥೆ. 1973ರ ಅಕ್ಟೋಬರ್ 16ರಂದು ಕೊಲ್ಲಿಯ ತೈಲ ರಾಷ್ಟ್ರಗಳ ಪ್ರತಿನಿಧಿಗಳು ಇದೇ ಕುವೈತ್ ನಗರದಲ್ಲಿ ಸೇರಿ ಕಚ್ಚಾ ತೈಲದ ಬೆಲೆಯನ್ನು ಶೇ 70ರಷ್ಟು ಏರಿಸಿದರು. ಮರುದಿನ ಅರಬ್ ತೈಲ ಸಚಿವರು ಇಲ್ಲಿಯೇ ಉತ್ಪಾದನೆ ಕಡಿತ ಘೋಷಿಸಿದರು. ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲು ಬೆಳೆಯಿತು. 1974ರಲ್ಲಿ ಕ್ಯಾನ್-ಆಮ್ ಸಂಘಟಕರು ಇಂಧನಕ್ಕೆ ಮಿತಿ ಹಾಕಿದರು: ಒಂದು ಅಮೆರಿಕನ್ ಗ್ಯಾಲನ್‌ಗೆ ಕನಿಷ್ಠ ಮೂರು ಮೈಲು, ಅಂದರೆ ಲೀಟರಿಗೆ ಸುಮಾರು 1.3 ಕಿ.ಮೀ. ಆ ಅಲ್ಪ ಮಿತಿಯೂ ಪೋರ್ಷೆಯ ದೈತ್ಯನಿಗೆ ಹೊರೆಯಾಯಿತು. ಐದು ಪಂದ್ಯಗಳ ಬಳಿಕ ಮೂಲ ಕ್ಯಾನ್-ಆಮ್ ಮುಗಿಯಿತು. ಅಂಕೆಯಿಲ್ಲದ ಓಟದ ಕೊನೆಯ ಅಧ್ಯಾಯಕ್ಕೆ ಸಹಿ ಬಿದ್ದ ಊರಿನಲ್ಲಿಯೇ, ಅರ್ಧ ಶತಮಾನದ ನಂತರ, ಒಬ್ಬ ಹುಡುಗ ನನ್ನನ್ನು ಆ ಪ್ರಶ್ನೆ ಕೇಳಿದ್ದ.

ನಗುತ್ತ ಮಾತಾಡಿದವರು

ಡೊನಹ್ಯೂ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1975ರ ಆಗಸ್ಟ್ 9ರಂದು ಅಮೆರಿಕದ ಟಾಲಡೀಗ ಟ್ರ್ಯಾಕಿನಲ್ಲಿ ಅದೇ 917/30 ಕಾರನ್ನು ಗಂಟೆಗೆ ಸರಾಸರಿ 355 ಕಿ.ಮೀ. ವೇಗದಲ್ಲಿ ಓಡಿಸಿ ವಿಶ್ವದಾಖಲೆ ಬರೆದರು. ಟ್ರ್ಯಾಕಿನಲ್ಲಿ ಬೇರೆ ಕಾರಿರಲಿಲ್ಲ. ಅವರು ಕ್ಷೇಮವಾಗಿ ಇಳಿದು ಬಂದರು. ಎಂಟು ದಿನಗಳ ಬಳಿಕ, ಆಗಸ್ಟ್ 17ರಂದು, ಆಸ್ಟ್ರಿಯಾದಲ್ಲಿ ಎಲ್ಲ ನಿಯಮಗಳಿಗೆ ಬದ್ಧವಾದ ಫಾರ್ಮುಲಾ ಒನ್ ಕಾರಿನಲ್ಲಿ ಅಭ್ಯಾಸ ಮಾಡುವಾಗ ಟೈರು ಒಡೆದು ಕಾರು ಬೇಲಿ ದಾಟಿತು. ಮಾರ್ಷಲ್ ಒಬ್ಬರು ಅಸುನೀಗಿದರು. ಡೊನಹ್ಯೂ ಮಾತ್ರ ಎಚ್ಚರವಾಗಿದ್ದರು, ಮಾತಾಡಿದರು. ಆಮೇಲೆ ತಲೆನೋವು ಶುರುವಾಯಿತು, ಹೆಚ್ಚಿತು, ಪ್ರಜ್ಞೆ ತಪ್ಪಿತು. ಗ್ರಾಜ್ ನಗರದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆದರೂ ಆಗಸ್ಟ್ 19ರಂದು ತೀರಿಕೊಂಡರು.

ಇದನ್ನು ಓದಿದಾಗ ನನ್ನ ಸ್ನಾತಕೋತ್ತರ ವಿದ್ಯಾರ್ಥಿ ದಿನಗಳ ಒಂದು ರಾತ್ರಿ ಕಣ್ಣಮುಂದೆ ಬಂತು. ಬೈಕಿನಿಂದ ಬಿದ್ದ ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ತಾನೇ ನಡೆದುಕೊಂಡು ತುರ್ತು ವಿಭಾಗಕ್ಕೆ ಬಂದಿದ್ದ. ಹಣೆಯ ಪಕ್ಕದಲ್ಲಿ ಸಣ್ಣ ಊತ ಬಿಟ್ಟರೆ ಬೇರೇನಿಲ್ಲ. ನರ್ಸ್ ಜೊತೆ ತಮಾಷೆ ಮಾಡುತ್ತಿದ್ದ. ರಾತ್ರಿಯಿಡೀ ಇಲ್ಲೇ ಇರು ಎಂದೆವು. “ಏನೂ ಆಗಿಲ್ಲ ಸಾರ್, ಅಮ್ಮ ಕಾಯ್ತಿರ್ತಾರೆ” ಎಂದು ಕಾಗದಕ್ಕೆ ಸಹಿ ಹಾಕಿ ಹೊರಟುಹೋದ. ಬೆಳಗಿನ ಜಾವ ಅವನನ್ನು ಹೊತ್ತು ತಂದಾಗ ಒಂದು ಕಣ್ಣಿನ ಪಾಪೆ ಹಿಗ್ಗಿತ್ತು. ಅವನು ಉಳಿಯಲಿಲ್ಲ. ಪೆಟ್ಟು ಬಿದ್ದ ಮೇಲೆ ರೋಗಿ ಕೆಲ ಗಂಟೆ ಪೂರ್ತಿ ಸ್ವಸ್ಥನಂತೆ ಕಾಣುವ ಈ ಅವಧಿಗೆ ವೈದ್ಯಶಾಸ್ತ್ರದಲ್ಲಿ ‘ಲೂಸಿಡ್ ಇಂಟರ್ವಲ್’ ಎಂಬ ಹೆಸರಿದೆ. ತಲೆಬುರುಡೆಯೊಳಗೆ ರಕ್ತ ತೊಟ್ಟುತೊಟ್ಟಾಗಿ ಶೇಖರವಾಗುತ್ತಿರುತ್ತದೆ, ಮೇಲೆ ಮುಖ ನಗುತ್ತಿರುತ್ತದೆ. ತಲೆಗೆ ಪೆಟ್ಟಾದವರು ‘ಏನೂ ಆಗಿಲ್ಲ’ ಎಂದರೆ ನಂಬಬೇಡಿ; 24 ಗಂಟೆ ಕಣ್ಣಿಡಿ. ಹೆಚ್ಚುವ ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡಬೇಡಿ. ಈ ಲೇಖನದಿಂದ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಯಂತ್ರಕ್ಕೆ ಮಿತಿಯಿಲ್ಲ, ರಕ್ತನಾಳಕ್ಕಿದೆ

ಹುಡುಗನ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರಿಸೋಣ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೇವೆ. ಕುವೈತಿನ ಹೆದ್ದಾರಿಯ ಮಿತಿಯಾದ 120 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದು ಒಂದು ಮೀಟರ್ ಅಂತರದಲ್ಲಿ ನಿಂತಿತು ಎನ್ನಿ. ಆಗ ದೇಹದ ಮೇಲೆ ಬೀಳುವ ಸರಾಸರಿ ಬಲ ಗುರುತ್ವಾಕರ್ಷಣೆಯ 57 ಪಟ್ಟು, ಅಂದರೆ 57 ಜಿ. 300 ಕಿ.ಮೀ. ವೇಗದಲ್ಲಿ ಅದೇ ಒಂದು ಮೀಟರಿಗೆ 354 ಜಿ. 400ರಲ್ಲಿ 630 ಜಿ. ನಿಲ್ಲುವ ಅಂತರವನ್ನು ಹತ್ತು ಮೀಟರಿಗೆ ಹಿಗ್ಗಿಸಿದರೆ ಈ ಅಂಕಿಗಳು ಹತ್ತನೇ ಒಂದಕ್ಕೆ ಇಳಿಯುತ್ತವೆ. ರೇಸಿಂಗ್ ಸುರಕ್ಷತೆಯ ಬಹುಪಾಲು ರಹಸ್ಯ ಇಷ್ಟೇ: ಎಂಜಿನ್ನಿಗಲ್ಲ, ನಿಲ್ಲುವ ಜಾಗಕ್ಕೆ ಹಣ ಹಾಕು. ಅಮೆರಿಕದ ಸೇನಾ ವೈದ್ಯ ಜಾನ್ ಪಾಲ್ ಸ್ಟ್ಯಾಪ್ 1954ರಲ್ಲಿ ರಾಕೆಟ್ ಬಂಡಿಯ ಮೇಲೆ ತಮ್ಮನ್ನೇ ಕಟ್ಟಿಸಿಕೊಂಡು 46 ಜಿ ಬಲ ತಾಳಿಕೊಂಡರು. ಕೆಲಕಾಲ ಕಣ್ಣು ಕಾಣದಾದರೂ ಬದುಕಿದರು. ಸರಿಯಾಗಿ ಬಿಗಿದ ದೇಹ ನಾವು ಎಣಿಸಿದ್ದಕ್ಕಿಂತ ಗಟ್ಟಿ ಎಂದು ಅವರು ತೋರಿಸಿಕೊಟ್ಟರು.

ಆದರೆ ದೇಹದೊಳಗಿನದ್ದು ಬಿಗಿದು ಕಟ್ಟಿದ್ದಲ್ಲ. ಸುಮಾರು 1.4 ಕೆ.ಜಿ. ತೂಕದ ಮಿದುಳು ದ್ರವದಲ್ಲಿ ತೇಲುತ್ತಿರುತ್ತದೆ. ತಲೆಬುರುಡೆ ಥಟ್ಟನೆ ನಿಂತರೂ ಮಿದುಳು ಮುಂದೆ ಸಾಗುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯ ಕಮಾನು ಅತ್ತಿತ್ತ ಅಲ್ಲಾಡಬಲ್ಲದು, ಅದರ ಕೆಳಭಾಗ ಬೆನ್ನೆಲುಬಿಗೆ ಅಂಟಿಕೊಂಡಿರುತ್ತದೆ. ಅತಿವೇಗದ ಅಪಘಾತದಲ್ಲಿ ಅವೆರಡೂ ಕೂಡುವ ಜಾಗವೇ ಹರಿಯುತ್ತದೆ. ಹೆಲ್ಮೆಟ್ಟಿಗಾಗಲಿ, ಇಂಗಾಲದ ನಾರಿನ ಕವಚಕ್ಕಾಗಲಿ ಅಲ್ಲಿಗೆ ಕೈ ಎಟಕುವುದಿಲ್ಲ.

ಅಪಘಾತವೇ ಆಗದಿದ್ದರೂ ದೇಹ ಸೋಲಬಹುದು. 2001ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಓಟಪಥವೊಂದರಲ್ಲಿ ಕಾರುಗಳು ಗಂಟೆಗೆ ಸುಮಾರು 375 ಕಿ.ಮೀ. ವೇಗ ಮುಟ್ಟಿದವು. ಓರೆಯಾದ ತಿರುವುಗಳಲ್ಲಿ ಸೆಕೆಂಡುಗಟ್ಟಲೆ 5 ಜಿ ಬಲ. ಅಭ್ಯಾಸದ ಬಳಿಕ ಬಹುಪಾಲು ಚಾಲಕರು ತಲೆ ಸುತ್ತು, ದಿಕ್ಕು ತಪ್ಪಿದ ಅನುಭವ ಹೇಳಿಕೊಂಡರು. ವೈದ್ಯಕೀಯ ನಿರ್ದೇಶಕ ಡಾ. ಸ್ಟೀವ್ ಆಲ್ವಿ ಎಚ್ಚರಿಕೆ ಕೊಟ್ಟರು. ಪಂದ್ಯ ಶುರುವಾಗಲು ಕೆಲವೇ ಗಂಟೆ ಇರುವಾಗ ಅದನ್ನು ಕೈಬಿಡಲಾಯಿತು. ಇಂದಿನ ತಂತ್ರಜ್ಞಾನದಲ್ಲಿ ಫ್ಯಾನ್ ಕಾರು, ಜೊತೆಗೆ ವಿದ್ಯುತ್ ಮೋಟಾರು ಕಟ್ಟಿ ನಿಯಮವಿಲ್ಲದೆ ಬಿಟ್ಟರೆ ಇಂತಹ ಬಲ ಪ್ರತಿ ತಿರುವಿನಲ್ಲಿಯೂ ಬಂದೀತು. ಯುದ್ಧವಿಮಾನದ ಪೈಲಟ್ ತೊಡುವ ಒತ್ತಡದ ಉಡುಪು ಹೆಚ್ಚಾಗಿ ತಲೆಯಿಂದ ಕಾಲಿಗೆ ಎಳೆಯುವ ಬಲಕ್ಕೆ ಉಪಯುಕ್ತ. ಪಕ್ಕಕ್ಕೆ ಎಳೆಯುವ ಬಲದಿಂದ ಕುತ್ತಿಗೆಯನ್ನು ಅದು ಉಳಿಸದು.

ಇನ್ನು ನಮ್ಮ ಕೊಲ್ಲಿಯ ಬಿಸಿಲು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆಯಲ್ಲಿ ಯಾರೂ ಇಲ್ಲಿ ಪಂದ್ಯ ನಡೆಸುವುದಿಲ್ಲ, ನಿಜ. ಆದರೆ 2023ರ ಅಕ್ಟೋಬರ್ 8ರಂದು ಕತಾರಿನ ಲುಸೈಲ್‌ನಲ್ಲಿ, ಅದೂ ರಾತ್ರಿ ಹೊತ್ತು, ಫಾರ್ಮುಲಾ ಒನ್ ಚಾಲಕರೊಬ್ಬರು ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡರು, ಇನ್ನೊಬ್ಬರು ಪಂದ್ಯ ಬಿಟ್ಟು ಇಳಿದರು. ಜಗತ್ತಿನ ಅತ್ಯಂತ ಪಳಗಿದ ಚಾಲಕರ ಪಾಡು ಇದು. 400 ಕಿ.ಮೀ. ವೇಗದಲ್ಲಿ ಕಾಲು ಸೆಕೆಂಡಿನಲ್ಲಿ ಕಾರು 28 ಮೀಟರ್ ಮುಂದೆ ಹೋಗಿರುತ್ತದೆ. ದಣಿದು ಬಳಲಿದ ಮಿದುಳಿಗೆ ಆ ಕಾಲು ಸೆಕೆಂಡು ಸಾಲುವುದಿಲ್ಲ.

ಬದುಕಿಸಿದ್ದು ನಿಯಮಗಳೇ

‘ಸುರಕ್ಷತೆ ಮುಂದುವರಿದಿದೆ’ ಎಂಬ ಹುಡುಗನ ಮಾತು ಸುಳ್ಳಲ್ಲ. 2020ರ ನವೆಂಬರ್ 29ರಂದು ನೆರೆಯ ಬಹ್ರೇನಿನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು 192 ಕಿ.ಮೀ. ವೇಗದಲ್ಲಿ ಉಕ್ಕಿನ ತಡೆಬೇಲಿಗೆ ನುಗ್ಗಿ, ಎರಡು ತುಂಡಾಗಿ, ಬೆಂಕಿಯುಂಡೆಯಾಯಿತು. 67 ಜಿ ಆಘಾತ. ಅರ್ಧ ನಿಮಿಷದೊಳಗೆ ಆ ಮನುಷ್ಯ ಜ್ವಾಲೆಯೊಳಗಿಂದ ಎದ್ದು ಬಂದರು. ಸುಟ್ಟದ್ದು ಮುಖ್ಯವಾಗಿ ಕೈಗಳು. ಮೊದಲ ಸುತ್ತಿನಲ್ಲಿ ಕಾರುಗಳ ಹಿಂದೆಯೇ ಬರುವ ವೈದ್ಯಕೀಯ ಕಾರಿನಲ್ಲಿದ್ದ ಡಾ. ಇಯಾನ್ ರಾಬರ್ಟ್ಸ್ ಬೆಂಕಿಯ ಅಂಚಿಗೆ ಹೋಗಿ ಅವರನ್ನು ಎಳೆದುಕೊಂಡರು. ಅವತ್ತು ರಾತ್ರಿ ದೃಶ್ಯ ನೋಡಿದಾಗ ನನ್ನ ಕಣ್ಣು ತೇವವಾಗಿತ್ತು.

ಗ್ರೋಜಾನ್ ಬದುಕಿದ್ದು ಹೇಗೆ? ತಲೆಯ ಮೇಲಿನ ‘ಹೇಲೋ’ ಎಂಬ ಟೈಟಾನಿಯಂ ಕಮಾನು 2018ರಲ್ಲಿ ಕಡ್ಡಾಯವಾದದ್ದು. ಅನೇಕರು ಅದನ್ನು ವಿಕಾರ ಎಂದು ಹಳಿದಿದ್ದರು. ಹೆಗಲ ಮೇಲೆ ಕೂತು ಹೆಲ್ಮೆಟ್ಟನ್ನು ಪಟ್ಟಿಗಳಿಂದ ಹಿಡಿಯುವ ‘ಹ್ಯಾನ್ಸ್’ ಸಾಧನವನ್ನು ರಾಬರ್ಟ್ ಹಬರ್ಡ್ ಎಂಬ ಜೀವಯಾಂತ್ರಿಕ ತಜ್ಞರು 1980ರ ದಶಕದಲ್ಲಿಯೇ ರೂಪಿಸಿದ್ದರು. ಮುಖಾಮುಖಿ ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಚಿಮ್ಮಿ ಬುರುಡೆಯ ತಳ ಮುರಿಯುವುದನ್ನು ಅದು ತಡೆಯುತ್ತದೆ. 1994ರಲ್ಲಿ ಇಮೋಲಾದಲ್ಲಿ ರಾಟ್ಜೆನ್‌ಬರ್ಗರ್, 2001ರಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಇಬ್ಬರ ಸಾವಿಗೂ ಅದೇ ಮುರಿತ ಕಾರಣ. ಸಾಧನ ಇತ್ತು, ಚಾಲಕರು ಕಿರಿಕಿರಿ ಎಂದು ತೊಡುತ್ತಿರಲಿಲ್ಲ. ಫಾರ್ಮುಲಾ ಒನ್‌ನಲ್ಲಿ 2003ರಲ್ಲಿ ಕಡ್ಡಾಯವಾದ ಮೇಲಷ್ಟೇ ಎಲ್ಲರ ಹೆಗಲೇರಿತು. ಗ್ರೋಜಾನರನ್ನು ಉಳಿಸಿದ ಪ್ರತಿಯೊಂದು ವಸ್ತುವೂ ಒಂದೊಂದು ನಿಯಮವೇ. ‘ಸುರಕ್ಷತೆ ಇರಲಿ, ನಿಯಮ ಬೇಡ’ ಎಂಬುದು ‘ಔಷಧ ಬೇಕು, ಕಹಿ ಬೇಡ’ ಎಂದ ಹಾಗೆ.

ಆ ಹುಡುಗ ಇನ್ನೊಂದು ವಿಷಯ ಮರೆತಿದ್ದ: ಟ್ರ್ಯಾಕಿನಲ್ಲಿ ಚಾಲಕ ಒಬ್ಬನೇ ಇರುವುದಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಮರ್ಸಿಡಿಸ್ ಕಾರೊಂದು ಜನರ ನಡುವೆ ಸಿಡಿದು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಸ್ವಿಟ್ಜರ್ಲೆಂಡ್ ದಶಕಗಳ ಕಾಲ ಟ್ರ್ಯಾಕ್ ಪಂದ್ಯಗಳನ್ನೇ ನಿಷೇಧಿಸಿತು. ಅದೇ ಲೆ ಮಾನ್‌ನಲ್ಲಿ 1999ರಲ್ಲಿ ಮರ್ಸಿಡಿಸ್ ಕಾರುಗಳು ಗಾಳಿ ಅಡಿಗೆ ನುಗ್ಗಿ ಮೂರು ಬಾರಿ ನೆಲಬಿಟ್ಟು ಹಾರಿದವು. ಪಂದ್ಯದಲ್ಲಿ ಹಾರಿದ ಕಾರು ಮರಗಳ ನಡುವೆ ಬಿತ್ತು. ಅಲ್ಲಿ ಜನರಿರಲಿಲ್ಲ ಎಂಬುದು ಪುಣ್ಯ. ಅಂತಹ ಕಾರಿಗೆ ಇನ್ನೂ 500 ಅಶ್ವಶಕ್ತಿ ಸೇರಿಸಿದರೆ ಪ್ರೇಕ್ಷಕರನ್ನು ಎಷ್ಟು ದೂರ ಕೂರಿಸಬೇಕು? ನಿಯಮಗಳೆಲ್ಲ ಇದ್ದರೂ ಅಪಾಯ ಸೊನ್ನೆಯಾಗುವುದಿಲ್ಲ. 2023ರ ಆಗಸ್ಟಿನಲ್ಲಿ ಚೆನ್ನೈ ಸಮೀಪದ ಟ್ರ್ಯಾಕಿನಲ್ಲಿ ನಡೆದ ರಾಷ್ಟ್ರೀಯ ಬೈಕ್ ಪಂದ್ಯದಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಬಾಲಕ ಪ್ರಾಣ ಕಳೆದುಕೊಂಡದ್ದನ್ನು ಕನ್ನಡಿಗರು ಮರೆತಿರಲಾರರು.

ಹಾಗಾದರೆ ದಾರಿಯೇ ಇಲ್ಲವೇ?

ಇದೆ ಎಂದೇ ನನ್ನ ಅಭಿಪ್ರಾಯ. ಮೂರು ದಾರಿಗಳಿವೆ.

ಮೊದಲನೆಯದು ಒಬ್ಬಂಟಿ ಓಟ. ಎದುರಾಳಿ ಗಡಿಯಾರವೇ. ಪೋರ್ಷೆ ಕಂಪನಿ ತನ್ನ ಲೆ ಮಾನ್ ವಿಜೇತ 919 ಕಾರಿನ ಎಲ್ಲ ನಿರ್ಬಂಧಗಳನ್ನು ಕಳಚಿ, 2018ರ ಜೂನ್ 29ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಟಿಮೊ ಬೆರ್ನ್‌ಹಾರ್ಡ್ ಅವರಿಂದ ಓಡಿಸಿತು. 20.8 ಕಿ.ಮೀ.ಗೆ 5 ನಿಮಿಷ 19.5 ಸೆಕೆಂಡು, 1983ರ ದಾಖಲೆಗಿಂತ 51 ಸೆಕೆಂಡು ಕಡಿಮೆ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಓಟದಲ್ಲಿ ಇಂದಿಗೂ ‘ಅನ್‌ಲಿಮಿಟೆಡ್’ ವಿಭಾಗವಿದೆ. ಅಲ್ಲಿ ಕಾರುಗಳು ಒಂದೊಂದಾಗಿ ಹೊರಡುತ್ತವೆ. ಡಿಕ್ಕಿ ಹೊಡೆಯಲು ಇನ್ನೊಂದು ಕಾರಿಲ್ಲದಿದ್ದರೆ ಅರ್ಧ ಅಪಾಯ ಅಲ್ಲಿಗೇ ಹೋಯಿತು.

ಎರಡನೆಯದು, ಶಕ್ತಿಯನ್ನು ಅಳೆದು ಕೊಟ್ಟು ಬುದ್ಧಿಯನ್ನು ಬಿಟ್ಟುಬಿಡುವುದು. 2014ರಿಂದ ಲೆ ಮಾನ್‌ನ ಉನ್ನತ ವಿಭಾಗದಲ್ಲಿ ಪ್ರತಿ ಸುತ್ತಿಗೆ ಇಷ್ಟೇ ಇಂಧನ ಶಕ್ತಿ ಎಂದು ನಿಗದಿ ಮಾಡಿ, ಎಂಜಿನ್ ಆಯ್ಕೆಯನ್ನು ತಂಡಗಳಿಗೇ ಬಿಟ್ಟರು. ಪೋರ್ಷೆ ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ತಂದಿತು, ಆಡಿ ಡೀಸೆಲ್, ಟೊಯೋಟ ಎಂಟು ಸಿಲಿಂಡರ್. ಮೂರೂ ಭಿನ್ನ, ಸ್ಪರ್ಧೆ ಮಾತ್ರ ಸಮಸಮ. 1974ರಲ್ಲಿ ತಡವಾಗಿ ಹೊಳೆದ ಇಂಧನದ ಮಿತಿಯೇ ಇಲ್ಲಿ ಮುಂಚಿತವಾಗಿ, ವಿವೇಕದಿಂದ ಬಂತು. ನಮ್ಮ ಕರಾವಳಿಯ ಕಂಬಳ ಬಲ್ಲವರಿಗೆ ಇದು ಹೊಸದಲ್ಲ. ಕನೆ ಹಲಗೆ ವಿಭಾಗದಲ್ಲಿ ಯಾರು ಮೊದಲು ಮುಟ್ಟಿದರು ಎಂದು ನೋಡುವುದಿಲ್ಲ, ನೀರು ನಿಶಾನೆಯ ಎತ್ತರಕ್ಕೆ ಚಿಮ್ಮಿತೇ ಎಂದು ನೋಡುತ್ತಾರೆ. ಅಳತೆ ಬದಲಾದರೆ ಆಟದ ಸ್ವಭಾವವೇ ಬದಲಾಗುತ್ತದೆ.

ಮೂರನೆಯದು ಚಾಲಕನಿಲ್ಲದ ಓಟ. 2024ರ ಏಪ್ರಿಲ್ 27ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ಕಂಪ್ಯೂಟರುಗಳೇ ಓಡಿಸುವ ಕಾರುಗಳ ಪಂದ್ಯ ನಡೆಯಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಗೆದ್ದಿತು. ಮುರಿಯಲು ಮೂಳೆಯಿಲ್ಲದ ಕಡೆ ಎಂಜಿನ್ನಿಗೆ ಮಿತಿ ಏಕೆ? ಆದರೆ ಗೆದ್ದ ಕಾರಿನೊಳಗೆ ಕೈ ಎತ್ತಲು ಯಾರೂ ಇಲ್ಲದ ಪಂದ್ಯವನ್ನು ನನ್ನ ಗೆಳೆಯರ ಮಗ ಎಷ್ಟು ಹೊತ್ತು ನೋಡಿಯಾನು ಎಂಬ ಸಂಶಯ ನನಗಿದೆ.

ಎಂಜಿನ್ನಿಗೂ ರೆಕ್ಕೆಗೂ ಮಿತಿಯಿಲ್ಲದ ಇಪ್ಪತ್ತು ಕಾರುಗಳು, ಒಂದೇ ಟ್ರ್ಯಾಕ್, ಸುತ್ತ ಜನ: ಅದು ಇಂದಿಗೂ ಸುರಕ್ಷಿತವಾಗಲಾರದು. ಯಂತ್ರ ಎಷ್ಟು ಬೆಳೆದಿದೆಯೋ ಅಷ್ಟೇ ಅಂತರದಲ್ಲಿ ಮನುಷ್ಯನ ಕುತ್ತಿಗೆ ಹಿಂದುಳಿದಿದೆ.

ಅರಿಫ್‌ಜಾನ್‌ನ ಒಂದು ಸಂಜೆ

ಉತ್ತರ ಹೇಳಲು ನಾನು ಆ ಹುಡುಗನನ್ನು ಕುವೈತ್ ಮೋಟರ್ ಟೌನ್‌ಗೆ ಕರೆದುಕೊಂಡು ಹೋದೆ. ನಗರದ ದಕ್ಷಿಣಕ್ಕೆ, ಅರಿಫ್‌ಜಾನ್ ಕಡೆಯ ಮರಳುಗಾಡಿನಲ್ಲಿ ಹರ್ಮನ್ ಟಿಲ್ಕೆ ವಿನ್ಯಾಸದ ಸುಮಾರು 5.6 ಕಿ.ಮೀ. ಉದ್ದದ ಟ್ರ್ಯಾಕ್ ಅದು. 2022ರ ಡಿಸೆಂಬರಿನಲ್ಲಿ ಅಲ್ಲಿ 12 ಗಂಟೆಗಳ ಕಾರು ಪಂದ್ಯ ನಡೆದಿತ್ತು. ಮರುತಿಂಗಳು ಮಧ್ಯಪ್ರಾಚ್ಯದ ಫಾರ್ಮುಲಾ ರೀಜನಲ್ ಸರಣಿಗೆ ನಮ್ಮ ಮುಂಬೈ ಫಾಲ್ಕನ್ಸ್ ತಂಡವೂ ಬಂದಿತ್ತು. ನಾವು ಹೋದದ್ದು ಸಾಮಾನ್ಯರು ಸ್ವಂತ ಕಾರು ತಂದು ಓಡಿಸುವ ದಿನ. ಮೊದಲು ಹೆಲ್ಮೆಟ್ ತಪಾಸಣೆ, ಆಮೇಲೆ ಕಾರಿನದು. ಯಾವ ಬಾವುಟಕ್ಕೆ ಏನರ್ಥ, ಎಲ್ಲಿ ಹಿಂದಿಕ್ಕಬಹುದು, ಎಲ್ಲಿ ಕೂಡದು ಎಂಬ ಪಾಠ. ಒಂದು ಬದಿಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡ ಆಂಬುಲೆನ್ಸ್. ಒಬ್ಬ ಯುವಕ ಪಾಠಕ್ಕೆ ತಡವಾಗಿ ಬಂದನೆಂದು, ಅವನ ಕಾರು ಎಷ್ಟು ಲಕ್ಷದ್ದಾದರೂ, ಒಳಗೆ ಬಿಡಲಿಲ್ಲ.

ಹುಡುಗ ಎರಡು ಗಂಟೆ ಬೇಲಿಗೆ ಒರಗಿ ನೋಡಿದ. ಹಿಂತಿರುಗುವಾಗ ಹೆದ್ದಾರಿಯಲ್ಲಿ ಒಂದು ಬಿಳಿ ಕಾರು ನಮ್ಮ ಎಡಗಡೆಯಿಂದ ಬಂದು, ಎರಡು ಲೇನ್ ಹಾರಿ, ಮುಂದಿನ ಲಾರಿಯನ್ನು ಸವರಿಕೊಂಡು ಮಾಯವಾಯಿತು. 2025ರ ಏಪ್ರಿಲ್ 22ರಿಂದ ಜಾರಿಗೆ ಬಂದ ಹೊಸ ಸಂಚಾರ ಕಾನೂನಿನಲ್ಲಿ ದಂಡ ಭಾರಿಯಾಗಿ ಏರಿದೆ. ಚಾಲನೆ ಮಾಡುವಾಗ ಮೊಬೈಲ್ ಹಿಡಿದರೆ 5 ದಿನಾರ್ ಇದ್ದದ್ದು 75, ಕೆಂಪು ದೀಪ ದಾಟಿದರೆ 150. ಆದರೂ ಅಂತಹವರಿದ್ದಾರೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಕಲ್, ನಿಯಮವಿಲ್ಲದ ರೇಸ್ ಅಂದರೆ ಇದೇ ಅಲ್ಲವೇ?” ಎಂದ. ನಾನು ಹೌದೆಂದೆ. ಹೆಲ್ಮೆಟ್ಟಿಲ್ಲ, ನಿಲ್ಲಲು ಜಾಗವಿಲ್ಲ, ಎದುರಾಳಿಗೆ ತಾನು ಪಂದ್ಯದಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ. ಲಾರಿ ಓಡಿಸುತ್ತಿದ್ದವನೂ ಬಹುಶಃ ಯಾವುದೋ ಊರಿನಲ್ಲಿ ಮನೆಯವರನ್ನು ಬಿಟ್ಟು ಬಂದ ನಮ್ಮಂಥವನೇ.

ಮನೆ ತಲುಪಿದಾಗ ಅವನ ತಂದೆ ಬಾಗಿಲಲ್ಲೇ ನಿಂತಿದ್ದರು. “ಏನು ಹೇಳಿದಿರಿ ಡಾಕ್ಟ್ರೇ?” ಎಂದು ಕಣ್ಣಲ್ಲೇ ಕೇಳಿದರು. ನಾನು ಏನೂ ಹೇಳಿರಲಿಲ್ಲ. ಮುಂದಿನ ರಜೆಗೆ ಬಂದಾಗ ಟ್ರ್ಯಾಕಿನಲ್ಲಿ ಕಾರು ಓಡಿಸಲು ಕಲಿಯಬೇಕೆಂದು ಹುಡುಗ ತಾನೇ ಅಪ್ಪನ ಬಳಿ ಅನುಮತಿ ಕೇಳಿದ. ಹೆಲ್ಮೆಟ್ ಕೊಡಿಸುವ ಜವಾಬ್ದಾರಿಯನ್ನು ನಾನು ಒಪ್ಪಿಕೊಂಡಿದ್ದೇನೆ.